ಹೋದ ಮೇಲೆ ಬರುವ ಜ್ವರ

ಕೈ ಇಟ್ಟು ನೋಡಬಾರದಿತ್ತು ಎಂದು ಹನಮೇಶನಿಗೆ ಅನ್ನಿಸಿದ್ದು ಕಾರ್ಖಾನೆಯ ಗೇಟು ದಾಟಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುವಾಗ. ನೋಡಿದ್ದು ತಪ್ಪಲ್ಲ, ಅಕ್ಕ ಮಾರೆಮ್ಮನ ಎದುರಿಗೆ, ನೀರಿಗೆ ಹೊರಟು ನಿಂತ ಇಬ್ಬರು ಹೆಂಗಸರ ಎದುರಿಗೆ ನೋಡಿದ್ದು ತಪ್ಪು. ಅವನ ಹೆಂಡತಿ ಹುಲಗಮ್ಮ ಅಂಗಳದಲ್ಲಿ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. "ನಿನ್ನಿ ಸಂಜಿಮುಂದ ಮತ್ತ ಜ್ವರ ಬಂದಿತ್ತು" ಎಂದು ಹೇಳಿದ್ದು ಅವನಿಗಲ್ಲ, ಮಾರೆಮ್ಮನಿಗೆ. ಉಂಡು ಕೈ ತೊಳೆದು ಬಂದ ಹನಮೇಶ ಅದೇ ಕೈಯನ್ನು ಅವಳ ಹಣೆಯ ಮೇಲಿಟ್ಟು, ತಪಾಸಣೆಗೆ ಬಂದ ಸಾಹೇಬನ ಹಾಗೆ ತುಸು ಹೊತ್ತು ಗಂಭೀರವಾಗಿ ನಿಂತು, "ತಣ್ಣಗ ಐತಲ್ಲ" ಅಂದ. "ಈಗ ಇಲ್ರಿ. ನೀವು ಹೋದ ಮ್ಯಾಲ ಬರ್ತೈತಿ." ನೀರಿನವರಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ತನ್ನನ್ನು ಬಿಟ್ಟು ಮುಂದೆ ಹೋಗಬಾರದೆಂದು ಅವನೂ ಅದರೊಳಗೆ ಸೇರಿಕೊಂಡು, "ಯಾವನವ್ವಾ ಅಂವಾ, ನಾ ಹೋದ ಮ್ಯಾಲ ಬರಾಂವಾ?" ಎಂದುಬಿಟ್ಟ. ಹುಲಗಮ್ಮ ತಲೆ ಎತ್ತಲಿಲ್ಲ. ಸೊಪ್ಪಿನ ಗಂಟು ಬಿಗಿಯುವ ಅವಳ ಬೆರಳು ಮಾತ್ರ ಒಂದು ಕ್ಷಣ ನಿಂತವು, ಮತ್ತೆ ಬಿಗಿದವು. ಆ ನಿಂತ ಕ್ಷಣ ಈಗ ಗಿಣಿಗೇರಾದ ಕರಿ ಧೂಳಿನ ರಸ್ತೆಯುದ್ದಕ್ಕೂ ಅವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದಿತ್ತು.

ಹನಮೇಶನ ಕೆಲಸ ತಾಪ ನೋಡುವುದು. ಕುಲುಮೆಯಿಂದ ಕಬ್ಬಿಣ ಹರಿದು ಬರುವ ಕಾಲುವೆಯ ದಂಡೆಗೆ ನಿಂತು, ಉದ್ದನೆಯ ಸರಳಿನ ತುದಿಗೆ ರಟ್ಟಿನ ಕೊಳವೆ ಸಿಕ್ಕಿಸಿ, ಅದನ್ನು ಹರಿಯುವ ಬೆಂಕಿಯೊಳಗೆ ಅದ್ದಿ ತೆಗೆಯಬೇಕು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಗಡಬಡಿಸಿ ಓಡಿ ಒಂದು ಕಡೆ ನಿಲ್ಲುತ್ತವೆ. ಸಾವಿರದ ನಾನೂರು, ನಾನೂರೈವತ್ತು. ಹತ್ತಿಪ್ಪತ್ತು ಅತ್ತಿತ್ತ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಕಿ ನಿಲ್ಲುವ ಮೊದಲೇ ಕಬ್ಬಿಣದ ಬಣ್ಣ ನೋಡಿ ತಾಪ ಹೇಳಬಲ್ಲೆನೆಂಬುದು ಅವನ ಹೆಮ್ಮೆ. ಬಿಸಿಯ ವಿಷಯದಲ್ಲಿ ತನಗೆ ಮೋಸ ಮಾಡಲಾಗದು ಎಂದು ಅವನು ನಂಬಿದ್ದ. ಹಾಗೆ ನಂಬಿದ್ದರಿಂದಲೇ ಹೆಂಡತಿಯ ಜ್ವರ ಅವನಿಗೆ ಒಂದು ತರಹದ ಅವಮಾನವೂ ಆಗಿತ್ತು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮೊದಲ ಸಲ ಜ್ವರವೆಂದು ಅವಳು ಹೇಳಿದ್ದು ಅವನ ಮಧ್ಯಾಹ್ನದ ಪಾಳಿಯ ವಾರದಲ್ಲಿ. ಮರುವಾರ ಸಂಜೆಯೆಲ್ಲ ಅವನು ಮನೆಯಲ್ಲೇ ಇದ್ದ. ಹುಲಗಮ್ಮ ಗಟ್ಟಿಮುಟ್ಟಾಗಿ ಆಡು ಹೊಡೆದುಕೊಂಡು ಹೋದಳು, ಬಂದಳು, ರೊಟ್ಟಿ ಬಡಿದಳು. "ಎಲ್ಲಿ ನಿನ್ನ ಜ್ವರ?" ಎಂದು ಕೇಳಿದರೆ, ಕಳೆದುಹೋದ ವಸ್ತುವಿಗೆ ತಾನೇ ಹೊಣೆ ಎಂಬಂತೆ, "ಹೋತ್ರಿ" ಅಂದಿದ್ದಳು. ಈಗ ಪಾಳಿ ಬದಲಾಯಿತು. ಜ್ವರ ಮತ್ತೆ ಬಂತು.

"ಏನಪಾ ಹನಮೇಶ," ಎಂದ ಸುಭಾಷ್, ಟೀ ಹೊತ್ತಿನಲ್ಲಿ. ಸುಭಾಷನೂ ಅದೇ ಊರಿನವ, ಅದೇ ಪಾಳಿಯವ. "ವೈನಿಗೆ ಬರೋ ಜ್ವರ ಭಾಳ ಶಾಣ್ಯಾ ಐತಂತಲ್ಲ. ನಿನ್ನ ಪಾಳಿ ನೋಡ್ಕೊಂಡ ಬರ್ತೈತಂತ." ಸುತ್ತಲಿನ ನಾಲ್ಕಾರು ಜನ ನಕ್ಕರು, ಕೆಟ್ಟ ನಗುವೇನಲ್ಲ, ದಣಿದವರ ನಗು. ಅವನೂ ನಕ್ಕ. ತಾನೇ ಆಡಿದ ಮಾತು ಊರು ದಾಟಿ, ರೈಲ್ವೆ ಗೇಟು ದಾಟಿ, ತನಗಿಂತ ಮೊದಲು ಇಲ್ಲಿಗೆ ಬಂದು ಕೂತಿದೆಯಲ್ಲ ಎನ್ನಿಸಿ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಸರಳು ಹಿಡಿದು ಮತ್ತೆ ದಂಡೆಗೆ ಹೋದಾಗ ಕಬ್ಬಿಣದ ಬಣ್ಣ ನೋಡುವುದನ್ನು ಮರೆತ. ಬೇರೊಂದು ಕಾಣಿಸುತ್ತಿತ್ತು. ಬಾಗಿಲು ಅರ್ಧ ಮುಚ್ಚಿದ ಮನೆ. ಸಂಜೆ. ಅಷ್ಟೇ. ಬಾಗಿಲ ಹಿಂದೆ ಏನಿದೆ ಎಂದು ಅವನು ಊಹಿಸಲಿಲ್ಲ. ಊಹಿಸಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮೇಲ್ವಿಚಾರಕನ ಬಳಿ ಹೋಗಿ "ಹೊಟ್ಟಿ ಕೆಟ್ಟೈತ್ರಿ ಸರ್" ಎಂದು ಸುಳ್ಳು ಹೇಳಿ ಅರ್ಧ ಪಾಳಿಗೇ ಹೊರಬಿದ್ದ.

ಊರ ಹೊರಗಿನ ಜಾಲಿಯ ಹತ್ತಿರ ಮೋಟಾರ್ ಸೈಕಲ್ಲಿನ ಎಂಜಿನ್ ನಿಲ್ಲಿಸಿದ. ಯಾಕೆ ನಿಲ್ಲಿಸಿದೆ ಎಂದು ಕೇಳಿಕೊಳ್ಳುವ ಧೈರ್ಯ ಬರಲಿಲ್ಲ. ತಳ್ಳುತ್ತ ನಡೆದ. ಸೂರ್ಯ ಮುಳುಗಿದ್ದರೂ ನೆಲದಿಂದ ಬಿಸಿ ಏಳುತ್ತಿತ್ತು. ಎದುರಿಗೆ ಬಂದ ಮುದುಕನೊಬ್ಬ "ಯಾಕಪಾ, ಪೆಟ್ರೋಲ್ ತೀರೇತೇನು?" ಎಂದಾಗ "ಹೂಂ" ಅಂದ. ಇದು ಇವತ್ತಿನ ಎರಡನೆಯ ಸುಳ್ಳು. ತನ್ನ ಮನೆಗೆ ತಾನೇ ಕಳ್ಳನ ಹಾಗೆ ಹೋಗುತ್ತಿದ್ದೇನೆ ಎಂದು ಗೊತ್ತಾದರೂ ಕಾಲುಗಳು ಸಪ್ಪಳ ಮಾಡದೆ ಹೆಜ್ಜೆ ಇಡುತ್ತಲೇ ಹೋದವು. ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಒಲೆಯ ಮೇಲೆ ಅವನ ರಾತ್ರಿಯ ಊಟಕ್ಕೆ ಬೇಯಿಸಿಟ್ಟ ಸಾರು ಮುಚ್ಚಿತ್ತು. ಹಿತ್ತಲ ಕಡೆಯಿಂದ ಒಂದು ಸದ್ದು ಬರುತ್ತಿತ್ತು, ಯಾರೋ ಕಲ್ಲಿನ ಮೇಲೆ ಮರ ಕುಟ್ಟುವ ಹಾಗೆ. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮ.

ಸದ್ದು ಆಡಿನ ದೊಡ್ಡಿಯಿಂದ ಬರುತ್ತಿತ್ತು. ಅವನ ಅಪ್ಪನ ಕಾಲದ ಮಣ್ಣಿನ ಗೋಡೆಯ ದೊಡ್ಡಿ. ಆಡುಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ನಿಂತು, ಮೇವು ಬಿಟ್ಟು, ಒಂದೇ ಕಡೆ ನೋಡುತ್ತಿದ್ದವು. ಹೊರಸಿನ ಮೇಲೆ ಮನೆಯ ಕೌದಿಗಳನ್ನೆಲ್ಲ ಹೊದ್ದು ಹುಲಗಮ್ಮ ಮಲಗಿದ್ದಳು. ನಡುಗುತ್ತಿದ್ದವಳು ಅವಳು, ಸದ್ದು ಮಾಡುತ್ತಿದ್ದುದು ನೆಲದ ಚಪ್ಪಡಿಗೆ ಬಡಿಯುವ ಹೊರಸಿನ ಕಾಲು. ಬೇಸಿಗೆಯ ಆ ಧಗೆಯಲ್ಲಿ ಅವಳ ತುಟಿ ನೀಲಿಯಾಗಿತ್ತು, ಹಲ್ಲಿಗೆ ಹಲ್ಲು ತಾಕುತ್ತಿತ್ತು. ಹನಮೇಶ ಬಾಗಿ ಬೆಳಗಿನಂತೆಯೇ ಹಣೆಯ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು, ಆರಿದ ಟೀ ಲೋಟದಷ್ಟು. ಇಷ್ಟೇನಾ ಅಂದುಕೊಂಡ. ಅಂದುಕೊಂಡದ್ದಕ್ಕೆ ಹೇಸಿಗೆಯೂ ಆಯಿತು. ಅವಳು ಏನೋ ಹೇಳುತ್ತಿದ್ದಳು. ಕೇಳಿಸದೆ ಇನ್ನೂ ಬಾಗಿದಾಗ ಅವನ ಕೆನ್ನೆ ಅವಳ ಹಣೆಗೆ ತಾಗಿತು. ಸುಟ್ಟವನ ಹಾಗೆ ತಟಕ್ಕನೆ ಹಿಂದೆ ಸರಿದ. ಮತ್ತೆ ಅಂಗೈ ಇಟ್ಟು ನೋಡಿದ, ಬೆಚ್ಚಗೆ. ಮತ್ತೆ ಕೆನ್ನೆ ಇಟ್ಟ, ಬೆಂಕಿ. ಆಗ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಸರಳು ಹಿಡಿದು ಹಿಡಿದು ಕಲ್ಲಾದ ಚರ್ಮ. ಎಷ್ಟೋ ವರ್ಷಗಳಿಂದ ಈ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಆ ಕೈಯನ್ನು ನಂಬಿ ಇವಳನ್ನು ಸುಳ್ಳಿ ಅಂದೆ.

"ಬಂದ್ರ್ಯಾ," ಅಂದಳು ಹುಲಗಮ್ಮ, ನಡುಕದ ನಡುವೆ. ಸಿಟ್ಟಿರಲಿಲ್ಲ. ಮನೆಗೆ ಬಂದ ದೊಡ್ಡ ಅತಿಥಿಯನ್ನು ತೋರಿಸುವವಳ ಹಾಗೆ, "ನೋಡ್ರಿ, ಬಂದೈತಿ" ಅಂದಳು.

ಅಂಥದ್ದನ್ನು ಅವನು ನೋಡಿರಲಿಲ್ಲ. ಹದಿನೆಂಟರ ಹುಡುಗನಾಗಿ ಮೊದಲ ಸಲ ಕುಲುಮೆಯ ಬಾಯಿ ತೆರೆದಾಗ ಕಂಡ ಬಿಳಿ ಬೆಳಕಿನೆದುರು ಮೈಮರೆತು ನಿಂತದ್ದು ನೆನಪಾಯಿತು. ಅದು ಹೊರಗಿನ ಬೆಂಕಿ. ಕಲ್ಲಿದ್ದಲು ಸುರಿದವರು ಗೊತ್ತು, ಗಾಳಿ ಊದಿದವರು ಗೊತ್ತು. ಇಲ್ಲಿ ಯಾರೂ ಏನೂ ಸುರಿಯದೆ, ಎರಡು ರೊಟ್ಟಿ ತಿಂದ ಒಂದು ಸಣಕಲು ದೇಹ ತನ್ನೊಳಗಿನಿಂದ ಇಷ್ಟು ಬಿಸಿಯನ್ನು ಎಬ್ಬಿಸುತ್ತಿತ್ತು. ಎಬ್ಬಿಸಿಯೂ ಚಳಿ ಚಳಿ ಎಂದು ಅಳುತ್ತಿತ್ತು. ಅವನು ಆಟೋ ಕರೆತರಲು ಓಡಿದ.

ಕೊಪ್ಪಳದ ದಾರಿಯಲ್ಲಿ, ಇನ್ನೂ ಅರ್ಧ ದೂರ ಇರುವಾಗಲೇ, ಅವಳ ನಡುಕ ನಿಂತಿತು. ಹಣೆಯ ಮೇಲೆ ಸಾಸಿವೆಯಂಥ ಹನಿ ಎದ್ದವು, ಕೂಡಿಕೊಂಡವು, ಇಳಿದವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸೀರೆ ಹಿಂಡುವ ಹಾಗೆ ಒದ್ದೆಯಾಗಿತ್ತು. ಕೆನ್ನೆ ಇಟ್ಟರೆ ತಂಪು. ನರ್ಸ್ ಬಗಲಲ್ಲಿ ಇಟ್ಟ ಥರ್ಮಾಮೀಟರು ತೊಂಬತ್ತೇಳು ತೋರಿಸಿತು. "ಜ್ವರ ಇಲ್ಲಲ್ರಿ" ಎಂದಳು ಆಕೆ. ಸಾಲಿನಲ್ಲಿ ನಿಂತವರು ತಿರುಗಿ ನೋಡಿದರು. "ಇತ್ರಿ," ಎಂದ ಹನಮೇಶ. ಅವನ ದನಿ ತನಗೇ ಗಟ್ಟಿಯಾಗಿ ಕೇಳಿಸಿತು. "ಈಗ ಇಲ್ರಿ, ಸಂಜಿಮುಂದ ಇತ್ತು. ಮತ್ತ ಬರ್ತೈತ್ರಿ. ನಾ ನೋಡೇನಿ." ಯಾರೋ ಹಿಂದೆ ನಕ್ಕ ಹಾಗಾಯಿತು. ಹುಲಗಮ್ಮ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು, ಬೆಳಗ್ಗೆ ಅಂಗಳದಲ್ಲಿ ತಾನು ನಗೆಗೀಡಾಗಿ ನಿಂತಂತೆಯೇ ಈಗ ನಿಂತಿರುವ ಗಂಡನ ಕಾಲನ್ನು ನೋಡುತ್ತಿದ್ದಳು. ನಂಬಿ ಎಂದು ಕೇಳುವವನ ಬಾಯಿ ಎಷ್ಟು ಬೇಗ ಒಣಗುತ್ತದೆ ಎಂಬುದು ಅವನಿಗೆ ಅಲ್ಲಿ ತಿಳಿಯಿತು.

ಡಾಕ್ಟರ್ ಅನುಷಾ ಮೂವತ್ತು ದಾಟಿರದ ಹೆಣ್ಣುಮಗಳು. ಅವಳು ನಗಲಿಲ್ಲ. ಕುರ್ಚಿ ಎಳೆದುಕೊಂಡು ಹುಲಗಮ್ಮನ ಎದುರಿಗೇ ಕೂತು, ಗಂಡನನ್ನು ಬಿಟ್ಟು ಅವಳನ್ನೇ ಕೇಳಿದಳು. ಎಷ್ಟು ದಿನ ಇರ್ತೈತಿ, ಎಷ್ಟು ದಿನ ಬಿಡ್ತೈತಿ, ಹೆಂಗ ಇಳೀತೈತಿ.

"ಮುಂಜಾನಿ ಇರಲ್ಲೇನು?"

"ಇರ್ತೈತ್ರಿ ಒಂದೀಟು. ಗುಳಿಗಿ ನುಂಗತೇನ್ರಿ," ಎಂದಳು ಹುಲಗಮ್ಮ. "ಅಂಗಡ್ಯಾಗ ಕೊಡ್ತಾರಲ್ರಿ, ಜ್ವರದ್ದು. ಇವರು ಎದ್ದೇಳೂ ಮುಂಚೇಕ ನುಂಗಿದ್ರ ಕೈಕಾಲು ಆಡ್ತಾವ್ರಿ. ರೊಟ್ಟಿ ಬಡೀಬೇಕಲ್ರಿ."

ಹನಮೇಶ ಗೋಡೆಯ ಕಡೆ ನೋಡಿದ.

"ಮಲಗೋದು ಎಲ್ಲಿ?"

"ದೊಡ್ಡ್ಯಾಗ್ರಿ. ಆಡಿನ ಕೂಡ."

"ಯಾಕ? ಮನಿ ಐತಲ್ಲ?"

ಹುಲಗಮ್ಮ ಒದ್ದೆ ಸೆರಗನ್ನು ಹಿಂಡತೊಡಗಿದಳು. ಹೇಳಬೇಕಾದವನು ಹನಮೇಶ. ಮಧ್ಯಾಹ್ನದ ಪಾಳಿ ಮುಗಿಸಿ ದಣಿದು ಬಂದು ಮಲಗುವಾಗ ಒಂದು ದಿನ, ಎಂದೋ, "ನಿನ್ನ ಮೈಯೆಲ್ಲ ಆಡಿನ ನಾತ, ನಿದ್ದಿ ಹೆಂಗ ಹತ್ತಬೇಕು?" ಎಂದಿದ್ದ. ಮಾರನೆಯ ದಿನ ಅವಳ ಹೊರಸು ಮನೆಯಲ್ಲಿರಲಿಲ್ಲ. ಆಡು ಈಯುವ ಹೊತ್ತು, ಕಾಯಬೇಕು ಎಂದು ಅವಳೇ ಒಂದು ಕಾರಣ ಮಾಡಿಕೊಟ್ಟಿದ್ದಳು. ಆಡು ಈದು ಮರಿ ಓಡಾಡುವಂತಾದರೂ ಹೊರಸು ಒಳಗೆ ಬಂದಿರಲಿಲ್ಲ, ಅವನೂ ಕೇಳಿರಲಿಲ್ಲ. "ನಾನ ಅಂದಿದ್ದೆ ಮೇಡಂ, ಹೊರಗ ಮಲಗು ಅಂತ," ಎಂದ. ಅಷ್ಟು ನೇರವಾಗಿ ಅವನು ಅಂದಿರಲಿಲ್ಲ. ಆದರೆ ಈಗ ಹಾಗೆ ಹೇಳುವುದೇ ಸತ್ಯಕ್ಕೆ ಹತ್ತಿರ ಅನ್ನಿಸಿತು. ಹುಲಗಮ್ಮ ತಲೆ ಎತ್ತಿ ಅವನನ್ನು ನೋಡಿದಳು.

ಡಾಕ್ಟರು ದೊಡ್ಡಿಯ ಗೋಡೆ ಮಣ್ಣಿನದೇ ಎಂದು ಕೇಳಿದಳು. ನಾಯಿ, ಎಮ್ಮೆಯ ಕಿವಿಗೆ ಕಚ್ಚಿಕೊಂಡಿರುವ ಉಣ್ಣಿ ಎಲ್ಲರಿಗೂ ಗೊತ್ತು, ಬೇರೊಂದು ಜಾತಿಯದು ಇದೆ ಎಂದಳು. ಹಳೆಯ ಮಣ್ಣಿನ ಗೋಡೆಯ ಬಿರುಕಿನಲ್ಲಿ ಇರುತ್ತದೆ, ಮಲಗಿದಾಗ ಬಂದು ಕಡಿದು, ಬೆಳಗಾಗುವ ಮುಂಚೆ ಗೋಡೆಗೆ ಮರಳುತ್ತದೆ, ಕಡಿಸಿಕೊಂಡವರಿಗೂ ಗೊತ್ತಾಗುವುದಿಲ್ಲ. ಅದರ ಜ್ವರ ಕೆಲವು ದಿನ ಸುಟ್ಟು, ಒಮ್ಮೆಲೇ ಇಳಿದು, ವಾರ ಸುಮ್ಮನಿದ್ದು ಮರುಕಳಿಸುತ್ತದೆ. "ಅದ ಐತಿ ಅಂತ ನಾ ಹೇಳಂಗಿಲ್ಲ. ಭಾಳ ಅಪರೂಪ. ಆದ್ರ ನೋಡಬೇಕು. ಜ್ವರ ಇಲ್ಲದಾಗ ರಕ್ತದಾಗ ಏನೂ ಕಾಣಂಗಿಲ್ಲ. ಏರಿದಾಗ ಬರ್ರಿ, ಬೆವರು ಬಿಡೂ ಮುಂಚೆ ಬರ್ರಿ. ಗುಳಿಗಿ ನುಂಗಬ್ಯಾಡ್ರಿ." ಉಳಿದ ಪರೀಕ್ಷೆಗೆ ರಕ್ತ ತೆಗೆದುಕೊಂಡು ಮನೆಗೆ ಕಳಿಸಿದಳು.

ಹೀಗೆ ಹನಮೇಶ ರಜೆ ಹಾಕಿ ಹೆಂಡತಿಯ ಜ್ವರಕ್ಕಾಗಿ ಕಾಯುತ್ತ ಕೂತ. ಹೊರಸನ್ನು ಬಿಸಿಲಿಗೆ ಹಾಕಿ, ಕುದಿನೀರು ಸುರಿದು, ತಾನೇ ಹೊತ್ತು ಒಳಗೆ ತಂದಿಟ್ಟ. ಆಡುಗಳನ್ನು ಬೇವಿನ ಗಿಡದ ಕೆಳಗೆ ಕಟ್ಟಿದ. ಒಂದು ಮಧ್ಯಾಹ್ನ ದೊಡ್ಡಿಯೊಳಗೆ ಹೋಗಿ ಗೋಡೆಯ ಬಿರುಕಿಗೆ ಟಾರ್ಚು ಹಿಡಿದ. ಏನೂ ಇಲ್ಲ, ಧೂಳು, ಒಣ ಹಿಕ್ಕೆ, ಹೊಟ್ಟು. ಇನ್ನಷ್ಟು ಸಮೀಪ ಬಾಗಿ ನೋಡುತ್ತಿದ್ದಾಗ ಅವನ ಉಸಿರು ತಾಗಿ ಹೊಟ್ಟಿನ ಒಂದು ಕಾಳು ಅಲುಗಿತು. ಕಾಲು ಮೂಡಿದವು. ಅದು ನಿಧಾನವಾಗಿ, ಬೆಳಕಿಗೆ ಹೆದರಿಯೂ, ಅವನ ಬಾಯಿಯ ಬಿಸಿಯ ಕಡೆಗೆ ಎರಡು ಹೆಜ್ಜೆ ಬಂದು ನಿಂತಿತು. ಇದು ವರ್ಷಗಟ್ಟಲೆ ಏನೂ ತಿನ್ನದೆ ಇರಬಲ್ಲದು ಎಂದು ಡಾಕ್ಟರು ಹೇಳಿದ್ದಳು. ಇಲ್ಲಿ, ಅಪ್ಪ ಮೆತ್ತಿದ ಮಣ್ಣಿನೊಳಗೆ, ಒಂದು ಬೆಚ್ಚನೆಯ ಮೈ ಬಂದೇ ಬರುತ್ತದೆಂದು ಎಷ್ಟು ಕಾಲದಿಂದ ಕಾದಿತ್ತೋ. ಅವನ ಅಂಗೈಗೆ ಗೊತ್ತಾಗದ ಬಿಸಿ ಕಣ್ಣಿಲ್ಲದ ಇದಕ್ಕೆ ದೂರದಿಂದಲೇ ಗೊತ್ತಿತ್ತು. ಅವನು ಅದನ್ನು ಹೊಸಕಿ ಹಾಕಬೇಕೆಂಬುದನ್ನೂ ಮರೆತು ಬಾಯಿ ಮುಚ್ಚಿಕೊಂಡು ನಿಂತುಬಿಟ್ಟ.

ಆದರೆ ಜ್ವರ ಬರಲಿಲ್ಲ. ಹುಲಗಮ್ಮ ಉಂಡಳು, ಬಾವಿಗೆ ಹೋಗಿ ಬಂದಳು, ಮರಿಗಳಿಗೆ ಹಾಲು ಕುಡಿಸಿದಳು. ಸಂಜೆಯಾದರೆ ಇಬ್ಬರೂ ಕಟ್ಟೆಯ ಮೇಲೆ, ಬರುತ್ತೇನೆಂದು ಹೇಳಿಹೋದವರಿಗಾಗಿ ಕಾಯುವವರಂತೆ, ದಾರಿ ನೋಡುತ್ತ ಕೂರುತ್ತಿದ್ದರು. ಮಾರೆಮ್ಮ ಬಂದು, "ಕೆಲಸಾ ಬಿಟ್ಟು ಕುಂತೀಯಲ್ಲೋ ತಮ್ಮಾ. ಛಲೋನ ಅದಾಳಲ್ಲ ಆಕಿ" ಎಂದು ಹೋದಳು. ಹುಲಗಮ್ಮನಿಗೆ ಆರೋಗ್ಯವಾಗಿರುವುದೇ ನಾಚಿಕೆಯಾಗತೊಡಗಿತು. "ಇವತ್ತೂ ಬರಲಿಲ್ಲ ನೋಡ್ರಿ," ಎಂದಳು ಒಂದು ಸಂಜೆ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಬರ್ತೈತಿ ಬಿಡು," ಎಂದ ಅವನು. ಹಾಗೆ ಹೇಳುತ್ತಿರುವಾಗಲೇ ಮನಸ್ಸಿನ ತಳದಲ್ಲಿ ಹಳೆಯ ಹುಳ ತಲೆ ಎತ್ತಿತು. ಅವತ್ತು ನೋಡಿದ್ದೇನು? ಸಾಧಾರಣ ಚಳಿಜ್ವರವಿರಬಹುದು. ಅಥವಾ ಅವಳು ಕೌದಿ ಹೊದ್ದು ಹೊದ್ದು ಕಾದಿದ್ದಿರಬಹುದು. ತನ್ನ ಕೆನ್ನೆ ಸುಟ್ಟದ್ದನ್ನು ತಾನೇ ನಂಬದಾಗುತ್ತಿರುವುದನ್ನು ಕಂಡು ಅವನಿಗೆ ಭಯವಾಯಿತು. ಮನುಷ್ಯನ ನಂಬಿಕೆಗೂ ಇಂಥದೇ ಏರಿಳಿತವಿದೆಯೇ, ಎದುರಿಗೆ ಇದ್ದಾಗ ಮಾತ್ರ ಇದ್ದು, ಮರೆಯಾದ ಕೂಡಲೇ ತಣ್ಣಗಾಗುವಂಥದು.

ಬಂದದ್ದು ಒಂದು ಮಧ್ಯಾಹ್ನ, ಉಣ್ಣಲು ಕೂತಾಗ. ಹುಲಗಮ್ಮ ತುತ್ತು ಎತ್ತಿದವಳು ಆಕಳಿಸಿದಳು. ಮತ್ತೆ ಆಕಳಿಸಿದಳು. ತುತ್ತನ್ನು ತಟ್ಟೆಗೆ ಇಳಿಸಿ ತನ್ನ ಉಗುರುಗಳನ್ನು ನೋಡಿಕೊಂಡು ಅವನ ಎದುರಿಗೆ ಚಾಚಿದಳು. ಉಗುರಿನ ಬುಡ ನೇರಳೆಯಾಗಿತ್ತು. ತೋಳಿನ ಮೇಲಿನ ರೋಮ ಒಂದೊಂದಾಗಿ, ಗಾಳಿ ಬಂದ ಹೊಲದ ಹಾಗೆ, ಎದ್ದು ನಿಂತವು. "ಬಂತ್ರಿ," ಎಂದಳು ಪಿಸುದನಿಯಲ್ಲಿ.

ಆಟೋ ಸಿಗಲಿಲ್ಲ. ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಅವಳು ಬೀಳದಂತೆ ಅವಳ ಸೀರೆಯೊಂದನ್ನು ಇಬ್ಬರ ಸುತ್ತ ಸುತ್ತಿ ಮಾರೆಮ್ಮನ ಕೈಯಿಂದ ಬಿಗಿಯಾಗಿ ಗಂಟು ಹಾಕಿಸಿದ. ಗಂಟು ಹಾಕುವಾಗ ಮಾರೆಮ್ಮ ತಮ್ಮನ ಹೆಂಡತಿಯ ಕೊರಳು ಮುಟ್ಟಿದವಳು "ಯವ್ವಾ" ಎಂದು ಕೈ ಕಿತ್ತುಕೊಂಡಳು. ದಾರಿಯುದ್ದಕ್ಕೂ ಬಿಸಿಗಾಳಿ ಎದುರಿನಿಂದ ಹೊಡೆಯುತ್ತಿತ್ತು. ಮೊದಲು ನಡುಕ ಬಂತು. ಅವಳ ಎದೆ, ಗದ್ದ, ಹಲ್ಲು ಅವನ ಬೆನ್ನಿಗೆ ಬಡಿದು, ಹ್ಯಾಂಡಲ್ಲಿನ ತನಕ ಇಳಿದು, ಕನ್ನಡಿಯಲ್ಲಿ ರಸ್ತೆಯೇ ನಡುಗುತ್ತಿತ್ತು. ಆಮೇಲೆ ಬಿಸಿ ಬಂತು. ಅಂಗಿ ದಾಟಿ, ಚರ್ಮ ದಾಟಿ ಬಂತು. ಕುಲುಮೆಗೆ ಬೆನ್ನು ಮಾಡಿ ನಿಂತಾಗಲೂ ಹೀಗೆ ಇರುವುದಿಲ್ಲ; ಆ ಬಿಸಿ ದೂಡುತ್ತದೆ, ಇದು ಅಪ್ಪಿಕೊಂಡಿತ್ತು. ಊರಿನ ಹೆಸರಿನ ಫಲಕಗಳು, ಹಳಿಯ ಮೇಲೆ ನಿಂತ ಅದಿರಿನ ಡಬ್ಬಿಗಳು, ದೂರದ ಕೋಟೆಯ ಗುಡ್ಡ, ಎಲ್ಲ ಬಿಸಿಲಿನಲ್ಲಿ ಅಲುಗುತ್ತಿದ್ದವು. ಇಷ್ಟು ವರ್ಷ ಮಗ್ಗುಲಲ್ಲಿ ಮಲಗಿದವಳ ಮೈಯ ಬಿಸಿ ಎಷ್ಟಿರುತ್ತದೆ, ದಿನವೂ, ಜ್ವರವಿಲ್ಲದಾಗ? ಗೊತ್ತಿಲ್ಲ. ಅದನ್ನು ಒಂದು ದಿನವೂ ಅವನು ಗಮನಿಸಿರಲಿಲ್ಲ. "ಬೆವರಬ್ಯಾಡ," ಎಂದು ಗಾಳಿಗೆ ಕೂಗಿದ, ಅರ್ಥವಿಲ್ಲದೆ. "ಇನ್ನೊಂದೀಟು ತಡಿ, ಹುಲಿಗಿ, ಇಳಸಬ್ಯಾಡ." ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹೆಸರು ಅದು, ಎಲ್ಲಿಂದ ಬಂತೋ.

ಥರ್ಮಾಮೀಟರು ನೂರಾ ಐದು ತೋರಿಸಿತು. ಕಾರ್ಖಾನೆಯ ಪೆಟ್ಟಿಗೆಯಲ್ಲಿ ಅಷ್ಟು ಸಣ್ಣ ಅಂಕಿಯೇ ಬರುವುದಿಲ್ಲ. ತೊಂಬತ್ತೇಳಕ್ಕೂ ನೂರಾ ಐದಕ್ಕೂ ನಡುವೆ ಇಷ್ಟೇ ಇಷ್ಟು ಜಾಗ, ಆ ಬೆರಳೆಡೆಯ ಜಾಗದಲ್ಲಿ ಮನುಷ್ಯರು ಬದುಕುವುದು, ಮಾತಾಡುವುದು, ಆಡು ಮೇಯಿಸುವುದು ಎಂದು ಅವನಿಗೆ ಹೊಳೆಯಿತು. ಅನುಷಾ ಓಡಿ ಬಂದು ತಾನೇ ರಕ್ತ ತೆಗೆದಳು. ಪ್ರಯೋಗಾಲಯದ ತಾಹೇರ ಅದನ್ನು ಒಳಗೆ ಒಯ್ದ. ಹೊತ್ತು ಹೋಯಿತು. ಆಮೇಲೆ ತಾಹೇರ ಬಾಗಿಲಲ್ಲಿ ಕಾಣಿಸಿ ಡಾಕ್ಟರನ್ನು ಕರೆದ, ಅವಳು ಒಳಹೋಗಿ ಬಹಳ ಹೊತ್ತು ಹೊರಬರಲಿಲ್ಲ. ಬಂದಾಗ ಮುಖದಲ್ಲಿ ಡಾಕ್ಟರಿಕೆ ಇರಲಿಲ್ಲ, ಜಾತ್ರೆಯಲ್ಲಿ ಏನನ್ನೋ ಕಂಡ ಹುಡುಗಿಯ ಹಾಗಿದ್ದಳು. "ಪುಸ್ತಕದಾಗ ಅಷ್ಟ ನೋಡಿದ್ದೆ ನಾನು," ಎಂದಳು. "ಬರ್ರಿ. ನೀವ ನೋಡ್ರಿ."

"ಒಂದು ಕಣ್ಣು ಮುಚ್ಚಬ್ಯಾಡ್ರಿ, ಎರಡೂ ತಗದು ನೋಡ್ರಿ, ಆರಾಮ," ಎಂದ ತಾಹೇರ, ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ. ಮೊದಲು ಬರೀ ಬೆಳಕು. ನಂತರ ಹೊನ್ನಿನ ಬಣ್ಣದ ನೂರಾರು ಬಿಲ್ಲೆಗಳು, ಒಂದಕ್ಕೊಂದು ತಾಗಿ ತೇಲುತ್ತಿದ್ದವು. ಅವು ರಕ್ತವಂತೆ. ಅವುಗಳಲ್ಲಿ ಒಂದು ಬಿಲ್ಲೆ ಯಾರೋ ತಟ್ಟಿದಂತೆ ಅಲುಗಿತು. ತಟ್ಟಿದ್ದು ಒಂದು ಎಳೆ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು, ಸುರುಳಿ ಸುರುಳಿಯಾಗಿ, ಹಿಡಿಯುವವರಿಲ್ಲದ ತಿರುಪಿನಂತೆ ತನ್ನಷ್ಟಕ್ಕೆ ತಿರುಗುತ್ತ ಬಿಲ್ಲೆಗಳ ನಡುವೆ ಈಜಿತು. ಅಲ್ಲೊಂದು. ಇಲ್ಲೆರಡು. ಮುಂದಕ್ಕೆ ಹೋಗಿ, ನಿಂತು, ತಿರುಗದೆಯೇ ಹಿಂದಕ್ಕೂ ಬಂತು. ಸದ್ದಿಲ್ಲ. ಆ ಕಡೆ ವಾರ್ಡಿನಲ್ಲಿ ಮಂಚ ನಡುಗಿಸುವ ಬೆಂಕಿಯನ್ನು ಹಚ್ಚಿದವು ಇವೇ ಎಂದು ನಂಬಲು ಆಗಲಿಲ್ಲ; ನಂಬದಿರಲೂ ಆಗಲಿಲ್ಲ, ಕಣ್ಣೆದುರಿಗಿದ್ದವು. "ಬೆಂಕಿ ಇವು ಹಚ್ಚಂಗಿಲ್ಲ," ಎಂದಳು ಅನುಷಾ. "ಇವನ್ನ ಸುಡಾಕ ಅಂತ ನಿಮ್ಮ ಮನೆಯವರ ಮೈನ ಬೆಂಕಿ ಹಚ್ಚಿಕೊಳ್ತೈತಿ. ಎಲ್ಲಾ ಸುಟ್ಟೆ ಅಂತ ಆರಿಸ್ತೈತಿ. ಅಷ್ಟರಾಗ ಒಂದೆರಡು ಅಂಗಿ ಬದಲಿ ಮಾಡಿ ಅಡಗಿರ್ತಾವು. ವಾರದಾಗ ಮತ್ತ ಹುಟ್ಟತಾವು." ಹನಮೇಶ ಕಣ್ಣು ತೆಗೆಯಲಿಲ್ಲ. ತಾನು ಮನೆಯಲ್ಲಿ ಕೂತು ನಗೆಯಾಡುತ್ತಿದ್ದ ಹೊತ್ತಿನಲ್ಲಿ, ರೊಟ್ಟಿ ಬಡಿಯುವ ಆ ಕೈಗಳೊಳಗೆ, ಯಾರೂ ಹೇಳಿಕೊಡದ ಇಂಥ ಯುದ್ಧ ನಡೆದಿತ್ತು.

ಔಷಧಿ ಕೊಡುವ ಮುಂಚೆ ಅನುಷಾ ಹೇಳಿದ್ದಳು, ಒಮ್ಮೆಲೇ ಅವೆಲ್ಲ ಸಾಯುವಾಗ ಮೈ ಒಂದು ಸಲ ಎದ್ದು ಬೀಳುತ್ತದೆ, ನಾನು ಇಲ್ಲೇ ಇರುತ್ತೇನೆ ಎಂದು. ಹಾಗೇ ಆಯಿತು. ಹೊತ್ತು ಮುಳುಗುವ ಮುನ್ನ ಜ್ವರ ಇನ್ನೂ ಏರಿತು. ಹುಲಗಮ್ಮ ಕಣ್ಣು ತೆರೆದೇ ಯಾರನ್ನೂ ಕಾಣದೆ, ಆಡುಗಳನ್ನು ಹೆಸರು ಹಿಡಿದು ಕರೆದಳು. ಆಮೇಲೆ ಬೆವರು ಬಿಟ್ಟಿತು. ಬೆವರು ಕಂಡು ಅವನು "ಇಳೀತು, ಇಳೀತು" ಎಂದು ನರ್ಸಿನ ಕಡೆ ನಗುತ್ತ ತಿರುಗಿದ, ಅವಳು ನಗುತ್ತಿರಲಿಲ್ಲ. ಇಳಿಯುವುದು ನಿಲ್ಲುತ್ತಿರಲಿಲ್ಲ. ತೊಂಬತ್ತೆಂಟಕ್ಕೆ ಬಂದು, ಅದನ್ನೂ ದಾಟಿ, ತೊಂಬತ್ತೈದಕ್ಕಿಂತ ಕೆಳಗೆ ಹೋಯಿತು. ನಾಡಿ ಸಿಗದಂತಾಯಿತು. ಮಂಚದ ಕಾಲ್ದೆಸೆ ಎತ್ತಿದರು, ಎರಡೂ ಕೈಗೆ ಸಲೈನು ಹಾಕಿದರು, ಅನುಷಾ ಅವನನ್ನು ಹೆಸರು ಹಿಡಿದು "ಹೊರಗ ಹೋಗಬ್ಯಾಡ್ರಿ, ಪಾದಾ ತಿಕ್ಕರಿ" ಎಂದು ಕೂಗಿದಳು. ಆ ಪಾದಗಳು ಹೊಳೆಯ ಕಲ್ಲಿನಷ್ಟು ತಣ್ಣಗಿದ್ದವು. ಈ ಮೈ ತಣ್ಣಗಿರಲಿ ಎಂದು ಬಯಸಿದ್ದವನು ತಾನು. ಅವತ್ತು ಅಂಗಳದಲ್ಲಿ ಅದನ್ನೇ ಸಾಬೀತು ಮಾಡಲು ಕೈ ಇಟ್ಟವನು. ಅವನು ಅಂಗೈಯಿಂದ ಉಜ್ಜಿದ, ಏನೂ ಗೊತ್ತಾಗದೆ ಅಂಗಿ ಎತ್ತಿ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡ. ವಾರ್ಡಿನ ಜನ ನೋಡುತ್ತಿದ್ದರು. ನೋಡಲಿ. ತನ್ನೊಳಗಿನ ಬಿಸಿ, ಎಂದೂ ತನ್ನದೆಂದು ನೆನೆಸಿರದ ಆ ಎರವಲು ಬಿಸಿ, ಈ ಎರಡು ಪಾದಗಳಿಗೆ ಹೋಗಲಿ ಎಂದು ಬಾಗಿ ಕೂತ. ಎಷ್ಟು ಹೊತ್ತೋ. ಮೊದಲು ಅವನ ಹೊಟ್ಟೆಯೇ ತಣ್ಣಗಾಯಿತು. ಆಮೇಲೆ ಎಲ್ಲಿ ತಾನು ಮುಗಿದು ಅವಳು ಶುರುವಾಗುತ್ತಾಳೆ ಎಂಬುದು ತಿಳಿಯದಾಯಿತು. ಆಮೇಲೆ, ಹೊರಗೆ ಬೀದಿ ದೀಪ ಹತ್ತುವ ಹೊತ್ತಿಗೆ, ಎಡಗಾಲಿನ ಹೆಬ್ಬೆರಳು ಅವನ ಹೊಟ್ಟೆಯ ಮೇಲೆ ತಾನಾಗಿಯೇ ಅಲುಗಿತು. "ನಾಡಿ ಬರಾಕತ್ತೈತಿ," ಎಂದಳು ಅನುಷಾ, ಬೆರಳು ತೆಗೆಯದೆ.

ಅವಳು ಉಳಿದಳು. ಮರುದಿನ ಎದ್ದು ಗಂಜಿ ಕುಡಿದಳು. ತಾಹೇರ ಮತ್ತೊಂದು ಸಲ ರಕ್ತ ನೋಡಿ, ಬಿಲ್ಲೆಗಳು ಮಾತ್ರ ಇವೆ ಎಂದ. ಇನ್ನೂ ಕೆಲವು ದಿನ ಮಾತ್ರೆ ನುಂಗಬೇಕು, ದೊಡ್ಡಿಯ ಗೋಡೆ ಕೆಡವಬೇಕು ಎಂದು ಹೇಳಿ ಅನುಷಾ ಅವರನ್ನು ಕಳಿಸಿಕೊಟ್ಟಾಗ ನಡುಮಧ್ಯಾಹ್ನ. ಹನಮೇಶ ಮೋಟಾರ್ ಸೈಕಲ್ ತರಲು ಹೊರಟವನು, ಅವಳು ಹಿಂದೆ ಬರದಿರುವುದು ಕಂಡು ತಿರುಗಿದ. ಮಾರೆಮ್ಮ ತಂದಿದ್ದ ಚಪ್ಪಲಿ ಕಾಲಿಗೆ ಸಡಿಲವಾಗಿ, ಹುಲಗಮ್ಮ ಅವನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಬರಿಗಾಲನ್ನು ಬಿಸಿಲಿನ ಕಲ್ಲಿನ ಮೇಲೆ ಇಟ್ಟು, ತಟಕ್ಕನೆ ಎತ್ತಿ, ನೋಡಿ, ಮತ್ತೆ ಇಡುತ್ತಿದ್ದಳು. ಮುಖದಲ್ಲಿ ಅಚ್ಚರಿ ತುಂಬಿ ನಿಂತಿತ್ತು. ಜ್ವರವಿದ್ದ ದಿನಗಳಲ್ಲೆಲ್ಲ ಅವಳಿಗೆ ಬಿಸಿಲು, ನೀರು, ಒಲೆ, ಎಲ್ಲವೂ ತನಗಿಂತ ತಣ್ಣಗಿದ್ದವು.

"ಸುಡ್ತೈತ್ರಿ," ಎಂದಳು. ದೊಡ್ಡ ಸುದ್ದಿ ಹೇಳುವವಳ ಹಾಗೆ ಇನ್ನೊಮ್ಮೆ, "ಕಲ್ಲು ಸುಡ್ತೈತಿ."

ಹನಮೇಶ ಮರಳಿ ಬಂದ. ಬಾಗಿ ಬೂಟಿನ ಲೇಸು ಬಿಚ್ಚಿ, ಎಂದೂ ಬಿಸಿಲು ಕಾಣದ ತನ್ನ ಬಿಳಿಚಿದ ಮೆತ್ತನೆಯ ಪಾದವನ್ನು ಅವಳ ಪಾದದ ಪಕ್ಕ ಊರಿದ.

"ಹೌದು," ಎಂದ. "ಸುಡ್ತೈತಿ."